ಕೆಂಪು ಬೆನ್ನಿನ ಹದಿಮೂರು

ಮಗಳು ಇಂಚರಾಳ ಸಮಾಜವಿಜ್ಞಾನದ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದ ನಿರ್ಮಲಾಳ ಕೈ ಅರ್ಧಕ್ಕೇ ನಿಂತಿತು. ಕಂದು ಕಾಗದದ ಒಂದು ಬದಿ ಮಡಚಿತ್ತು, ಇನ್ನೊಂದು ಬದಿ ಹಾಗೇ ಎದ್ದು ನಿಂತಿತ್ತು. ಅವಳು ಕತ್ತರಿಯನ್ನು ಚಾಪೆಯ ಮೇಲಿಟ್ಟಳು. ಪಕ್ಕದಲ್ಲಿದ್ದ ಆಫೀಸಿನ ಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟುಗಳನ್ನು ತೆಗೆದು ನೋಡಿ, ಮತ್ತೆ ಒಳಗಿಟ್ಟಳು. ಬೆಳಗಿನಿಂದ ಇದು ಮೂರನೆಯ ಸಲ. ಹಾಲು ಕಾಯಿಸುವಾಗ ಒಮ್ಮೆ, ಒಗೆದ ಬಟ್ಟೆ ಹಿಂಡುವಾಗ ಒಮ್ಮೆ, ಈಗ ಒಮ್ಮೆ.

ಆ ಕಟ್ಟುಗಳಲ್ಲೊಂದರ ಅಡಿಯಲ್ಲಿ ನಾನಿದ್ದೆ.

ನಾನು ಒಂದು ಕಾರ್ಡು. ಅಂಗೈಯಷ್ಟು ಉದ್ದ, ಮೂರು ಬೆರಳಿನಷ್ಟು ಅಗಲ. ನನ್ನ ಮುಖದ ಮೇಲೆ ಹದಿಮೂರು ಎಂಬ ಅಂಕಿ ಇದೆ. ನಾನು ಹುಟ್ಟಿದ್ದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ, ಹನುಮಂತಸಾ ಅವರ ಮುದ್ರಣಾಲಯದಲ್ಲಿ. ಅಲ್ಲಿ ಹೆಚ್ಚಾಗಿ ಹುಟ್ಟುತ್ತಿದ್ದದ್ದು ಲಗ್ನಪತ್ರಿಕೆಗಳು. ನನ್ನಂಥ ಅಂಕಿಯ ಕಾರ್ಡು ಅಲ್ಲಿಗೆ ಹೊಸದು.

ಗೋಕುಲ ರಸ್ತೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಮಾಲೀಕರು ಮೆಣಸಿನಕಾಯಿ ಸರ್. ಅವರ ಆಫೀಸಿಗೆ ಪುಣೆಯಿಂದ ಒಬ್ಬ ತರಬೇತುದಾರ ಬಂದು ಎರಡು ದಿನ ಪಾಠ ಹೇಳಿ ಹೋಗಿದ್ದ. ಅವನು ಹೇಳಿಕೊಟ್ಟ ಪದ್ಧತಿಯ ಹೆಸರು ಸ್ಕ್ರಮ್. ಎರಡು ವಾರಕ್ಕೆ ಒಂದು ಕಂತು. ಕಂತಿನ ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು, ಎಷ್ಟು ಕೆಲಸ ಮುಗಿಸುತ್ತೇವೆಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವ ಮೊದಲು ಪ್ರತಿ ಕೆಲಸವೂ ಎಷ್ಟು ಭಾರ ಎಂದು ಅಂದಾಜು ಮಾಡಬೇಕು. ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗಬಾರದೆಂದು ಬಾಯಲ್ಲಿ ಹೇಳುವಂತಿಲ್ಲ. ತಮ್ಮ ಅಂಕಿಯ ಕಾರ್ಡನ್ನು ಮುಖ ಕೆಳಗೆ ಮಾಡಿ ಇಡಬೇಕು. ಮೂರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಒಂದು ಎಂದರೆ ಹಗುರ. ಎಂಟು ಎಂದರೆ ಎರಡು ವಾರಕ್ಕೆ ಸರಿಯಾಗಿ ಹಿಡಿಸುವಷ್ಟು. ಹದಿಮೂರು ಎಂದರೆ, ಇದು ಈ ಕಂತಿನಲ್ಲಿ ಆಗದ ಮಾತು.

ತರಬೇತುದಾರ ಹೋಗುವಾಗ ತನ್ನ ಕಾರ್ಡುಗಳನ್ನು ತೆಗೆದುಕೊಂಡು ಹೋದ. "ಹೊಸಾವು ಯಾಕ ತರಸೂದು? ನಮ್ಮ ಹನುಮಂತಸಾ ಕಡೆ ಮಾಡಿಸಿದ್ರಾತು" ಎಂದರು ಸರ್. ಹನುಮಂತಸಾ ಅವರು ಯಾವುದೋ ಲಗ್ನದಿಂದ ಉಳಿದ ಕೆನೆಬಣ್ಣದ ದಪ್ಪ ಕಾಗದವನ್ನು ತೆಗೆದರು. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು ಎಂದು ನಾಲ್ಕು ಜನಕ್ಕೆ ತಲಾ ಆರು ಕಾರ್ಡು, ಒಟ್ಟು ಇಪ್ಪತ್ನಾಲ್ಕು. ಇಪ್ಪತ್ತು ಕತ್ತರಿಸುವಷ್ಟರಲ್ಲಿ ಆ ಕಾಗದ ಮುಗಿಯಿತು. ಉಳಿದ ನಾಲ್ಕು ಹದಿಮೂರುಗಳಿಗೆ ಅವರು ಇನ್ನೊಂದು ಲಗ್ನದ ಹಾಳೆ ಹುಡುಕಿದರು. ಅದರ ಒಂದು ಮೈ ಕೆನೆಬಣ್ಣ, ಇನ್ನೊಂದು ಮೈ ಕುಂಕುಮದಂಥ ಕೆಂಪು.

ಕಾರ್ಡು ಒಯ್ಯಲು ಬಂದಿದ್ದ ಕೊಟ್ರೇಶ ತಿರುಗಿಸಿ ನೋಡಿ, "ಹಿಂದ ಕೆಂಪು ಅದಲ್ರೀ" ಎಂದ.

"ಮುಂದ ಎಲ್ಲಾ ಒಂದ ಥರಾ ಕಾಣ್ತಾವಲ್ಲೋ ತಮ್ಮಾ. ಹಿಂದ ಯಾರ್ ನೋಡ್ತಾರ?" ಎಂದರು ಹನುಮಂತಸಾ.

ಕೊಟ್ರೇಶ ಕಡಿಮೆ ಮಾತಿನವನು. ತಲೆಯಾಡಿಸಿ ನಮ್ಮನ್ನು ಕಿಸೆಗೆ ಹಾಕಿಕೊಂಡ. ಹೀಗೆ ನಾನು ಕೆಂಪು ಬೆನ್ನು ಹೊತ್ತು ಲೋಕಕ್ಕೆ ಬಂದೆ.

ಮೊದಲ ದಿನದ ಸಭೆ ನನಗೆ ಚೆನ್ನಾಗಿ ನೆನಪಿದೆ. ಮೇಜಿನ ಸುತ್ತ ನಾಲ್ವರು: ತಂಡದ ಹಿರಿಯಳಾದ ನಿರ್ಮಲಾ ಹಂಚಿನಮನಿ, ಡೇಟಾಬೇಸ್ ನೋಡುವ ಕೊಟ್ರೇಶ, ಬರೆದ ಪ್ರೋಗ್ರಾಮುಗಳನ್ನು ಪರೀಕ್ಷಿಸುವ ಪವಿತ್ರಾ, ಮತ್ತೆ ಬಾಯಿ ತೆರೆದರೆ ನಗೆ ಹಂಚುವ ಇಮ್ತಿಯಾಜ್ ಸವಣೂರ. ಮೇಜಿನ ತುದಿಗೆ ಸರ್. ನಾನಿದ್ದ ಕಟ್ಟು ನಿರ್ಮಲಾಳಿಗೆ ಬಂದಿತ್ತು. ಮೊದಲ ಕೆಲಸದ ಹೆಸರು ಓದಿದ್ದೇ ಸವಣೂರ ತನ್ನ ಹದಿಮೂರನ್ನು ಮುಖ ಕೆಳಗೆ ಮಾಡಿ ಇಟ್ಟ. ಕೆನೆಬಣ್ಣದ ಮೂರು ಬೆನ್ನುಗಳ ನಡುವೆ ಒಂದು ಕೆಂಪು ಬೆನ್ನು.

"ಏನೋ ಸವಣೂರ! ಆಟ ಶುರು ಆಗೂಕಿಂತ ಮೊದಲ ಕೆಂಪು ನಿಶಾನಿ ತೋರಿಸಿಬಿಟ್ಟೆಲ್ಲೋ!" ಎಂದರು ಸರ್.

ಎಲ್ಲರೂ ನಕ್ಕರು. ಸರ್ ಕೆಟ್ಟವರಲ್ಲ, ನಗಿಸಲೆಂದೇ ಅಂದದ್ದು. ಸವಣೂರನೂ ನಕ್ಕ. "ಕೈ ತಪ್ಪಿ ಬಂತ್ರೀ ಸರ್" ಎಂದು ಅದನ್ನು ತೆಗೆದು ಎಂಟನ್ನು ಇಟ್ಟ.

ಅಷ್ಟೇ. ಆಮೇಲೆ ಎರಡು ವರ್ಷ ಯಾರೂ ನಮ್ಮ ನಾಲ್ವರನ್ನು ಮೇಜಿಗೆ ಇಡಲಿಲ್ಲ. ಆ ನಗೆ ಎಲ್ಲರಿಗೂ ಮರೆತುಹೋಯಿತು, ಭಯ ಮಾತ್ರ ಬೆರಳುಗಳಲ್ಲಿ ಉಳಿಯಿತು. ನಮ್ಮ ಅಕ್ಕತಂಗಿಯರಾದ ಒಂದು, ಎರಡು, ಮೂರು, ಐದು, ಎಂಟು ದಿನವೂ ಮೇಜಿನ ಮೇಲೆ ಹೊರಳಾಡಿ, ಚಹಾದ ಕಲೆ ಹಚ್ಚಿಕೊಂಡು, ಅಂಚು ಕಪ್ಪಾಗಿ ಹಣ್ಣಾದವು. ನಾನು ಹೊಸದಾಗಿಯೇ ಉಳಿದೆ. ಮೊದಮೊದಲು ಅದು ನನಗೆ ಹೆಮ್ಮೆ. ನಿರ್ಮಲಾಳ ಹೆಬ್ಬೆರಳಿನ ಪರಿಚಯವಾದ ಮೇಲೆ ಆ ಹೆಮ್ಮೆ ಹೋಯಿತು.

ಕಷ್ಟದ ಕೆಲಸ ಬಂದಾಗಲೆಲ್ಲ ಅವಳ ಹೆಬ್ಬೆರಳು ಮೊದಲು ನನ್ನ ಹತ್ತಿರವೇ ಬರುತ್ತಿತ್ತು. ನನ್ನ ಬಲಮೂಲೆಯನ್ನು ಒತ್ತುತ್ತಿತ್ತು. ಬೆರಳು ತಣ್ಣಗೆ ಬೆವರಿರುತ್ತಿತ್ತು. ಈ ಸಲ ಇಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಬೆರಳು ಸರಿದು ಐದನ್ನು ಎಳೆಯುತ್ತಿತ್ತು.

ಅವಳಿಗೆ ಐದು ಎನ್ನುವುದು ಮನೆಯಲ್ಲೂ ರೂಢಿ. ಗಂಡ ಊಟಕ್ಕೆ ಎಷ್ಟು ಹೊತ್ತು ಎಂದರೆ "ಐದ ನಿಮಿಷ." ನಿನ್ನ ಸೊಂಟನೋವು ಹೇಗಿದೆ ಎಂದು ಅತ್ತೆ ಕೇಳಿದರೆ "ಏನಿಲ್ರೀ, ಸ್ವಲ್ಪ." ದೊಡ್ಡದನ್ನು ಸಣ್ಣದಾಗಿ ಹೇಳಿ, ಉಳಿದ ಭಾರವನ್ನು ತಾನೇ ಹೊತ್ತು ಹೇಗೋ ಮುಗಿಸಿಬಿಟ್ಟರೆ ಯಾರಿಗೂ ತೊಂದರೆ ಇಲ್ಲ ಎಂದು ಅವಳು ಯಾವಾಗಲೋ ಕಲಿತಿದ್ದಳು. ಎಲ್ಲಿ ಕಲಿತಳೋ ಗೊತ್ತಿಲ್ಲ. ಅಂಥದ್ದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ.

ಹೀಗಿರುವಾಗ ಡಯಾಲಿಸಿಸ್ ಕೇಂದ್ರದ ಕೆಲಸ ಬಂತು.

ಊರಿನ ಒಂದು ಸಣ್ಣ ಕೇಂದ್ರ. ಏಳು ಮಷೀನು, ದಿನಕ್ಕೆ ಮೂರು ಪಾಳಿ. ಯಾರು ಯಾವ ದಿನ, ಯಾವ ಪಾಳಿ, ಯಾವ ಮಷೀನು ಎಂಬುದನ್ನು ಅಲ್ಲಿಯ ಹಿರಿಯ ನರ್ಸ್ ಸಿಸ್ಟರ್ ಕಸ್ತೂರಿ ಒಂದು ಉದ್ದನೆಯ ರಜಿಸ್ಟರಿನಲ್ಲಿ ಬರೆಯುತ್ತಿದ್ದರು. ಅದು ಇನ್ನು ಕಂಪ್ಯೂಟರಿಗೆ ಬರಬೇಕಿತ್ತು. ಜುಲೈ ಒಂದರಂದು ರಜಿಸ್ಟರ್ ಮುಚ್ಚುವುದೆಂದು ಸರ್ ಮಾತು ಕೊಟ್ಟಿದ್ದರು.

ಸಿಸ್ಟರ್ ಒಂದು ದಿನ ರಜಿಸ್ಟರನ್ನು ಎದೆಗೆ ಅವಚಿಕೊಂಡು ಆಫೀಸಿಗೇ ಬಂದರು. ನಾವಿದ್ದ ಮೇಜಿನ ಮೇಲೇ ಅದನ್ನು ಬಿಚ್ಚಿದರು. "ನೋಡ್ರಿ ಮೇಡಂ, ಒಬ್ಬರ ಬಸ್ಸು ತಪ್ಪತದ, ಇನ್ನೊಬ್ಬರಿಗೆ ಜ್ವರಾ ಬರ್ತದ. ಇವರನ್ನ ಅಲ್ಲಿ ಸರಸ್ತೀನಿ, ಅವರನ್ನ ಇಲ್ಲಿ ಸರಸ್ತೀನಿ. ಪೆನ್ಸಿಲ್‌ಲೆ ಬರೀತೀನಿ, ರಬ್ಬರ್‌ಲೆ ಅಳಸ್ತೀನಿ. ನಿಮ್ಮ ಕಂಪ್ಯೂಟರಿಗೆ ರಬ್ಬರ್ ಅದ ಏನ್ರಿ?"

"ಮಾಡ್ತೀವ್ರಿ ಸಿಸ್ಟರ್" ಎಂದಳು ನಿರ್ಮಲಾ.

"ಮಾಡ್ರಿ. ಆದ್ರ ಒಂದ ಮಷೀನಿಗೆ ಇಬ್ಬರ ಹೆಸರು ಬಿದ್ರ ಒಬ್ಬರು ವಾಪಸ್ ಹೋಗಬೇಕಾಗ್ತದ. ವಾಪಸ್ ಹೋದೋರು ಎರಡು ದಿನ ತಡಕೊಳ್ಳಾಂಗಿಲ್ರಿ. ಕಾಲು ಬಾತುಬಿಡ್ತಾವ, ಉಸರು ಹತ್ತತದ. ಇಷ್ಟ ನೆನಪಿಟ್ಟುಕೊಳ್ರಿ ಸಾಕು."

ಈ ಪಾಳಿ ಬದಲಿಸುವ ಕೆಲಸವೇ ಬುಧವಾರದ ಸಭೆಗೆ ಬಂತು. ನಿರ್ಮಲಾಳ ಹೆಬ್ಬೆರಳು ಅಂದು ನನ್ನನ್ನು ಎಷ್ಟು ಬಲವಾಗಿ ಒತ್ತಿತೆಂದರೆ ನನ್ನ ಮೂಲೆ ಬಾಗಿತು. ಆದರೂ ಹೋದದ್ದು ಐದು. ಪವಿತ್ರಾ ಐದು, ಕೊಟ್ರೇಶ ಎಂಟು, ಸವಣೂರ ಎಂಟು. "ದೊಡ್ಡದ ಹಿಡಿಯೂಣ, ಎಂಟು. ಅಂದ್ರ ಎರಡು ವಾರದಾಗ ಆತು" ಎಂದು ಸರ್ ಬರೆದುಕೊಂಡರು. ಬರೆದುಕೊಂಡವರು ಪೆನ್ನು ಮುಚ್ಚಲಿಲ್ಲ.

"ಮೇಡಂ, ಒಂದು ಮಾತು. ಎರಡು ವರ್ಷ ಆತು, ಒಂದರೆ ತಾರೀಖು ಹಿಡದೀವೇನ್ರೀ ನಾವು? ಎಂಟು ಅಂತೀವಿ, ಇಪ್ಪತ್ತರಷ್ಟು ಆಗ್ತದ. ಈ ಸ್ಕ್ರಮ್ ನಮಗ ಒಗ್ಗಲಿಲ್ಲ ಅನಸ್ತದ. ಬ್ಯಾರೆ ಯಾವುದರ ಹಿಡಿಯೂಣೇನು?"

ಸವಣೂರ ಇದಕ್ಕೇ ಕಾಯುತ್ತಿದ್ದ. "ಕಾನ್‌ಬಾನ್ ಹಿಡಿಯೂಣ್ರಿ ಸರ್. ಸ್ಕ್ರಮ್ ಅಂದ್ರ ಲಗ್ನದ ಪಂಕ್ತಿ ಇದ್ದಂಗ. ನೂರು ಎಲಿ ಹಾಕಿದ್ವಿ, ನೂರು ಮಂದಿ ಕುಂತ್ರು, ನಡುವ ಯಾರೂ ಬರಾಂಗಿಲ್ಲ, ಏಳಾಂಗಿಲ್ಲ. ಕಾನ್‌ಬಾನ್ ಅಂದ್ರ ಖಾನಾವಳಿ. ಒಬ್ಬ ಎದ್ದ, ಇನ್ನೊಬ್ಬ ಕುಂತ. ಹಂಚಿನ ಮ್ಯಾಲೆ ಮೂರ ರೊಟ್ಟಿ ಹಿಡಸ್ತಾವಂದ್ರ ನಾಲ್ಕನೇದು ಹಾಕಾಂಗಿಲ್ಲ. ಎರಡು ವಾರದ ಕಂತಿಲ್ಲ, ಕಾರ್ಡ್ ಇಲ್ಲ, ಅಂದಾಜಿಲ್ಲ. ಗೋಡಿ ಮ್ಯಾಲೆ ಒಂದ ಹಲಗಿ, ಅದರಾಗ ಚೀಟಿ. ಮುಗದ್ಹಂಗ ಸರಸ್ಕೋತ ಹೋಗೂದು."

"ದವಾಖಾನಿಯವರು ಊಟ ಯಾವಾಗ ಮುಗೀತದ ಅಂತ ಕೇಳಿದ್ರ?" ಎಂದಳು ಪವಿತ್ರಾ.

"ಖಾನಾವಳಿ ಊಟ ಎಂದರ ಮುಗೀತದೇನವಾ?"

"ಹಂಗಾರ ಸಿಸ್ಟರ್‌ಗೆ ಹಂಗ ಹೇಳು ಹೋಗು. ರಜಿಸ್ಟರ್ ತಗೊಂಡ ಬಡೀತಾರ ನಿನ್ನ."

ಸರ್ ನಗುತ್ತ ಎದ್ದರು. "ಸೋಮವಾರ ಮುಂಜಾನೆ ನೀವ ಹೇಳ್ರಿ ಮೇಡಂ, ಸ್ಕ್ರಮ್ಮೋ ಕಾನ್‌ಬಾನ್ನೋ. ನೀವು ಹೇಳಿದ್ದ ಫೈನಲ್."

ಹಾಗಾಗಿ ನಿರ್ಮಲಾ ಶನಿವಾರ ನಮ್ಮ ನಾಲ್ಕೂ ಕಟ್ಟುಗಳನ್ನು, ಎರಡು ವರ್ಷದ ಅಂದಾಜು ಬರೆದ ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಸ್ಕ್ರಮ್, ಬಲಕ್ಕೆ ಕಾನ್‌ಬಾನ್ ಎಂದು ಬರೆದಳು. ತಾರೀಖು ಹೇಳಬಹುದು, ಎಡಕ್ಕೆ. ತುರ್ತು ಕೆಲಸ ನಡುವೆ ತೂರಿಸಬಹುದು, ಬಲಕ್ಕೆ. ಎರಡೂ ಕಡೆ ಏಳೇಳು ಸಾಲಾದವು. ಯಾವ ಸಾಲು ಓದಿದರೂ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ: ಜುಲೈ ಒಂದು, ನಾಲ್ಕನೆಯ ಮಷೀನಿನ ಎದುರು ಚೀಲ ಹಿಡಿದು ನಿಂತ ಇಬ್ಬರು. ಅವಳು ಐದು ಇಟ್ಟದ್ದರಿಂದ ನಿಂತ ಇಬ್ಬರು.

ಭಾನುವಾರ ಚಾಪೆಯ ಮೇಲೆ ನಾಲ್ಕನೆಯ ಸಲ ನಮ್ಮನ್ನು ತೆಗೆದಾಗ ಅವಳು ಮತ್ತೆ ಒಳಗಿಡಲಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿದಳು. ಸುಮ್ಮನೆ ಕೈಗೊಂದು ಕೆಲಸವೆಂಬಂತೆ ಒಂದುಗಳನ್ನು ಒಂದು ಸಾಲು, ಎರಡುಗಳನ್ನು ಒಂದು ಸಾಲು ಜೋಡಿಸುತ್ತ ಬಂದಳು. ಕೊನೆಯ ಸಾಲು ನಮ್ಮದು. ಅಲ್ಲಿ ಅವಳ ಕೈ ನಿಂತಿತು. ಮೊದಲ ಐದೂ ಸಾಲು ಕೊಳೆಯಾಗಿದ್ದವು. ಆರನೆಯ ಸಾಲು ನಿನ್ನೆ ತಂದಂತಿತ್ತು.

ಅವಳು ನಮ್ಮನ್ನು ತಿರುಗಿಸಿದಳು. ನಾಲ್ಕು ಕೆಂಪು ಬೆನ್ನು.

ತುಂಬ ಹೊತ್ತು ನೋಡಿದಳು. ಕನ್ನಡಕ ಮೇಲೇರಿಸಿ ಹತ್ತಿರದಿಂದ ನೋಡಿದಳು. ನನ್ನ ಬಲಮೂಲೆಯಲ್ಲಿ ಕೆಂಪು ಅಳಿಸಿ ಒಳಗಿನ ಬಿಳಿ ಕಾಣುತ್ತಿತ್ತು. ಅದು ಅವಳ ಹೆಬ್ಬೆರಳಿನ ಗುರುತು, ಅವಳಿಗೆ ಗೊತ್ತಿತ್ತು. ಆಮೇಲೆ ಪವಿತ್ರಾಳ ಕಟ್ಟಿನ ಹದಿಮೂರನ್ನು ಎತ್ತಿದಳು. ಅದರ ಮೂಲೆಯೂ ಬಿಳಿ. ಕೊಟ್ರೇಶನದೂ ಬಿಳಿ. ಸವಣೂರನದು ಎಲ್ಲಕ್ಕಿಂತ ಹೆಚ್ಚು ಸವೆದು ಮೂಲೆಯೇ ಗುಂಡಾಗಿತ್ತು.

ನಾಲ್ವರ ಹೆಬ್ಬೆರಳೂ ಎರಡು ವರ್ಷ ಅಲ್ಲಿಗೇ ಬಂದು ಹೋಗುತ್ತಿದ್ದವು. ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು.

"ಮಮ್ಮಿ, ಇಸ್ಪೀಟು ಆಡ್ತೀಯೇನು?" ಇಂಚರಾ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲವಾ. ಕತ್ತರಿ ಕೊಡಿಲ್ಲಿ. ಬೈಂಡ್ ಪೇಪರ್ ಎಷ್ಟ ಉಳದದ?"

ಆ ಮಧ್ಯಾಹ್ನ ಅವಳು ಇಪ್ಪತ್ನಾಲ್ಕು ಕಂದು ತುಂಡುಗಳನ್ನು ಕತ್ತರಿಸಿದಳು. ಒಂದೊಂದಕ್ಕೂ ಅಂಟು ಸವರಿ ನಮ್ಮ ಬೆನ್ನಿಗೆ ಹಚ್ಚಿ, ಅಂಗೈಯಿಂದ ಒತ್ತಿ, ಇಂಚರಾಳ ನಿಘಂಟಿನ ಅಡಿಯಲ್ಲಿ ಒಣಗಲು ಇಟ್ಟಳು. ಸೋಮವಾರಕ್ಕೆ ಮೊದಲು ಮಾಡಲು ಎಷ್ಟೋ ಕೆಲಸವಿತ್ತು. ಸಂಜೆಯ ಪಲ್ಯದ ಕಾಯಿ ಬುಟ್ಟಿಯಲ್ಲೇ ಇತ್ತು.

"ಆಫೀಸಿನವಕ್ಕೂ ಬೈಂಡ್ ಹಾಕ್ತೀಯಲ್ಲ, ಲೇಬಲ್ ಹಚ್ಚಲೇನು? ಹೆಸರು ಬರೀಲಿ?" ಎಂದಳು ಇಂಚರಾ.

"ಬ್ಯಾಡ" ಎಂದಳು ನಿರ್ಮಲಾ, ತುಸು ಜೋರಾಗಿಯೇ. "ಹೆಸರು ಬ್ಯಾಡ."

ಸೋಮವಾರ ನಾವು ಮೇಜಿನ ಮೇಲೆ ಬಿದ್ದೆವು. ಮೊದಲ ಸಲ ನಾನು ಉಳಿದವರಂತೆಯೇ ಇದ್ದೆ. "ಏನ್ರಿ ಮೇಡಂ, ಶಾಲಿ ಶುರು ಆತೇನು?" ಎಂದ ಸವಣೂರ, ತನ್ನ ಕಟ್ಟನ್ನು ತಿರುವುತ್ತ.

"ಹಳೇವು ಹರಿಯಾಕತ್ತಿದ್ದವು" ಎಂದಳು ಅವಳು. "ಸರ್, ಯಾವ ಪದ್ಧತಿ ಅಂತ ಹೇಳ್ತೀನಿ. ಅದಕ್ಕಿಂತ ಮೊದಲ ಆ ಪಾಳಿ ಬದಲಿಸೂ ಕೆಲಸ ಇನ್ನೊಮ್ಮೆ ಅಂದಾಜು ಮಾಡೂಣ್ರಿ."

"ಬುಧವಾರ ಆಗೇದಲ್ರೀ?"

"ಒಂದ ಸಲ. ಐದ ನಿಮಿಷ."

ಅವಳ ಹೆಬ್ಬೆರಳು ಬಂತು. ತಣ್ಣಗೆ ಒದ್ದೆಯಾಗಿತ್ತು. ಮೂಲೆಯನ್ನು ಒತ್ತಿತು, ಸರಿಯಲಿಲ್ಲ. ನಾನು ಮೇಜಿನ ಮೇಲೆ ಮುಖ ಕೆಳಗಾಗಿ ಬಿದ್ದೆ. ಮರದ ವಾಸನೆ, ಒರೆಸಿದ ಚಹಾದ ವಾಸನೆ. ನನ್ನ ಸುತ್ತ ಇನ್ನೂ ಮೂರು ಕಂದು ಬೆನ್ನುಗಳು. ಯಾರು ಯಾವುದೆಂದು ನನಗೂ ತಿಳಿಯಲಿಲ್ಲ.

"ಒಂದು... ಎರಡು... ಮೂರು."

ನಿರ್ಮಲಾ ಹದಿಮೂರು. ಪವಿತ್ರಾ ಹದಿಮೂರು. ಕೊಟ್ರೇಶ ಹದಿಮೂರು. ಸವಣೂರ ಎಂಟು.

ಪವಿತ್ರಾ ಕೊಟ್ರೇಶನ ಮುಖ ನೋಡಿದಳು, ಕೊಟ್ರೇಶ ತನ್ನ ಕಾರ್ಡನ್ನೇ ನೋಡಿದ. ಸವಣೂರ ತನ್ನ ಎಂಟನ್ನು ಮೆಲ್ಲಗೆ ಎಳೆದುಕೊಂಡು, "ನಾನೂ ಅದನ್ನ ಇಡಾವ ಇದ್ದೆ" ಎಂದ. ಅಂದು ಅವನ ದನಿಯಲ್ಲಿ ನಗೆ ಇರಲಿಲ್ಲ.

"ಎರಡು ವರ್ಷದಾಗ ಒಬ್ರೂ ಇಡಲಾರದ್ದು ಇವತ್ತ ಎಲ್ಲಿಂದ ಬಂತ್ರಿ?" ಎಂದರು ಸರ್. ಅವರು ನಿರ್ಮಲಾಳನ್ನು ನೋಡುತ್ತಿದ್ದರು.

"ಗೊತ್ತಿಲ್ರಿ ಸರ್" ಎಂದಳು ಅವಳು. ಆಮೇಲೆ ಕೊಟ್ರೇಶ ಬಾಯಿ ಬಿಟ್ಟ. ಒಂದೇ ಹೊತ್ತಿಗೆ ಇಬ್ಬರು ಬೇರೆ ಬೇರೆ ಕಂಪ್ಯೂಟರಿನಿಂದ ಒಂದೇ ಮಷೀನು ಹಿಡಿದರೆ ಏನಾಗುತ್ತದೆಂದು ಹಲಗೆಯ ಮೇಲೆ ಬರೆದು ತೋರಿಸಿದ. ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಐದು ನಿಮಿಷದ ಸಭೆ ಎರಡು ತಾಸು ನಡೆಯಿತು. ಕೊನೆಗೆ ಸರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, ಫೋನನ್ನು ಮೇಜಿನ ಮೇಲಿಟ್ಟು ಕೇಂದ್ರಕ್ಕೆ ಕರೆ ಮಾಡಿದರು. ಜುಲೈ ಒಂದಕ್ಕೆ ಆಗುವುದಿಲ್ಲ, ಆಗಸ್ಟ್ ಒಂದು ಎಂದರು.

ಸಿಸ್ಟರ್ ಕಸ್ತೂರಿಯವರಿಗೆ ಸಿಟ್ಟು ಬಂತು. "ಮೊದಲ ಹೇಳಬೇಕಿಲ್ಲೇನ್ರಿ ಇದನ್ನ? ಹೊಸಾ ಪಾಳಿ ಅಂತ ಎಲ್ಲಾರಿಗೂ ಮೆಸೇಜ್ ಹೋಗ್ಯಾವ. ನಲವತ್ತ ಮಂದಿಗೆ ಈಗ ನಾನ ಫೋನ್ ಮಾಡಬೇಕು."

"ಅರ್ಧಾ ಮಂದಿ ನನಗ ಕೊಡ್ರಿ ಸಿಸ್ಟರ್" ಎಂದಳು ನಿರ್ಮಲಾ. "ನಾ ಮಾಡ್ತೀನಿ."

"ಹೂಂ. ಮಾಡ್ರಿ" ಎಂದರು ಸಿಸ್ಟರ್. "ನನ್ನ ರಜಿಸ್ಟರ್ ಇನ್ನೊಂದ ತಿಂಗಳು ಇರ್ಲಿ ಬಿಡ್ರಿ. ಖರೇ ತಾರೀಖು ಹೇಳಿದ್ರ ಸಾಕು ನನಗ."

ಫೋನು ಇಟ್ಟ ಮೇಲೆ ಸರ್ ಕೇಳಿದರು. "ಹಂಗಾರ ಯಾವುದು ಮೇಡಂ? ಪಂಕ್ತಿಯೋ ಖಾನಾವಳಿಯೋ?"

ಗೆರೆ ಎಳೆದ ಹಾಳೆ ಅವಳ ಚೀಲದಲ್ಲೇ ಉಳಿಯಿತು. "ಚಾಲೂ ಆಗೂತನಕ ಪಂಕ್ತಿ ಇರ್ಲಿ ಸರ್. ಆದ್ರ ಎಷ್ಟು ಎಲಿ ಹಾಕಬೇಕು ಅನ್ನೂದು ಅಡಗಿ ಮಾಡೋರು ಹೇಳ್ಬೇಕು. ಚಾಲೂ ಆದ ಮ್ಯಾಲೆ ಸಿಸ್ಟರ್ ದಿನಕ್ಕ ನಾಲ್ಕ ಸಲ ಫೋನ್ ಮಾಡ್ತಾರ. ಆವಾಗ ಖಾನಾವಳಿ."

ಹಾಗೇ ಆಯಿತು. ಆಗಸ್ಟ್ ಒಂದರಂದು ಕೇಂದ್ರ ಹೊಸ ವ್ಯವಸ್ಥೆಗೆ ಬಂತು. ಮೊದಲ ವಾರ ಸಿಸ್ಟರ್ ರಜಿಸ್ಟರನ್ನೂ ಪಕ್ಕದಲ್ಲಿಟ್ಟುಕೊಂಡೇ ಕೂತಿದ್ದರಂತೆ. ಒಂದು ಮಷೀನಿಗೆ ಇಬ್ಬರು ಬೀಳಲಿಲ್ಲ. ಗೋಡೆಯ ಮೇಲೆ ಸವಣೂರನ ಹಲಗೆ ಬಂತು, ಚೀಟಿಗಳು ಬಂದವು. ಅಂದಾಜಿನ ಸಭೆ ಕಡಿಮೆಯಾಯಿತು. ನಾವು ನಿರ್ಮಲಾಳ ಡ್ರಾಯರಿನಲ್ಲಿ, ಒಣಗಿದ ಪೆನ್ನುಗಳ ಜೊತೆ, ಮುದುಕರಾಗತೊಡಗಿದೆವು. ಪವಿತ್ರಾ ಮದುವೆಯಾಗಿ ಬೆಳಗಾವಿಗೆ ಹೋದಳೆಂದು ಡ್ರಾಯರ್ ತೆರೆದಾಗ ಕಿವಿಗೆ ಬಿತ್ತು.

ಕಂದು ಕಾಗದಕ್ಕೂ ಆಯುಸ್ಸಿದೆ. ಅಂಟು ಒಣಗಿ ಅದು ಮೂಲೆಗಳಲ್ಲಿ ಏಳತೊಡಗಿತು. ನನ್ನ ಬಲಮೂಲೆಯದಂತೂ ಪೂರ್ತಿ ಮಡಚಿಕೊಂಡು ಬಿದ್ದುಹೋಯಿತು. ಅಲ್ಲಿ ಸವೆದ ಬಿಳಿಯ ಸುತ್ತ ಹೆಬ್ಬೆರಳಗಲದ ಕೆಂಪು ಕಾಣುತ್ತಿತ್ತು.

ಈ ಬೆಳಿಗ್ಗೆ ಎರಡು ವರ್ಷದ ಮೇಲೆ ಡ್ರಾಯರ್ ಪೂರ್ತಿ ತೆರೆಯಿತು. ಹೊಸ ಕೆಲಸ ಬಂದಿದೆ, ಯಾವುದೋ ಹಾಲಿನ ಡೇರಿಯದು. ಮತ್ತೆ ಪಂಕ್ತಿ, ಮತ್ತೆ ಅಂದಾಜು. ಪವಿತ್ರಾಳ ಕಟ್ಟು ಈಗ ಸ್ಫೂರ್ತಿ ಎಂಬ ಹೊಸ ಹುಡುಗಿಗೆ. ಅವಳು ಸರ್ ಮಾತಾಡುವಾಗ ಉಗುರು ಕಚ್ಚುತ್ತಾಳೆ. ಅವಳ ಹೆಬ್ಬೆರಳು ತನ್ನ ಹದಿಮೂರರ ಮೂಲೆಗೆ ಹೋಗಿ ನಿಂತದ್ದನ್ನು ನಿರ್ಮಲಾ ಕಂಡಳು.

ನಿರ್ಮಲಾ ನನ್ನನ್ನು ತಿರುಗಿಸಿ ನೋಡಿದಳು. ಕೆಂಪು ಮೂಲೆ. ಡ್ರಾಯರಿನ ಹಿಂಭಾಗದಲ್ಲಿ ಅಂಟಿನ ಡಬ್ಬಿ ಇತ್ತು, ಅವಳ ಕೈ ಅದರ ತನಕ ಹೋಯಿತು. ಒಂದು ಹನಿ ಸಾಕು. ಆ ಕೈಯಲ್ಲಿ ಈಗ ನರಗಳು ಎದ್ದಿವೆ. ಅದು ಡಬ್ಬಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು, ಅದನ್ನು ಮುಟ್ಟದೆ ಹಿಂದೆ ಬಂತು. ಡ್ರಾಯರ್ ಮುಚ್ಚಿಕೊಂಡಿತು. ಯಾಕೆ ತಡ ಎಂದು ಸರ್ ಕೇಳಿದರು. "ಏನಿಲ್ರಿ" ಎಂದಳು.

ನನ್ನ ಆಯುಸ್ಸು ಇನ್ನು ಹೆಚ್ಚಿಲ್ಲ. ನಾನು ಅಂಕಿ, ಭಾರವನ್ನು ನಾನು ಮಾಡುವುದಿಲ್ಲ, ಇದೆ ಎಂದು ಹೇಳುತ್ತೇನೆ ಅಷ್ಟೆ. ಅದನ್ನು ಹೇಳಲು ಒಮ್ಮೆ ನನಗೆ ಮುಸುಕು ಬೇಕಾಯಿತು. ಮುಸುಕು ಹಾಕಿದ ಕೈಯ ಋಣ ನನ್ನ ಮೇಲಿದೆ.

ಆ ಕೈ ಈಗ ಎಲ್ಲರಿಗಿಂತ ಮೊದಲು ಮುಂದೆ ಬಂತು. ನನ್ನನ್ನು ಮೇಜಿನ ನಟ್ಟನಡುವೆ, ಮುಖ ಕೆಳಗೆ ಮಾಡಿ ಇಟ್ಟಿತು. ಕೆಂಪು ಮೂಲೆ ಸ್ಫೂರ್ತಿಯ ಕಡೆ. ಇಟ್ಟ ಬೆರಳು ಒಣಗಿತ್ತು.

ಹುಡುಗಿ ಆ ಮೂಲೆಯನ್ನು ನೋಡಿದಳು. ತನ್ನ ಕೈಯಲ್ಲಿದ್ದ ಕಾರ್ಡುಗಳನ್ನು ನೋಡಿದಳು. ಅವುಗಳಲ್ಲಿ ಕೆಂಪು ಇಣುಕುತ್ತಿದ್ದದ್ದು ಹದಿಮೂರರ ಬೆನ್ನಲ್ಲಿ ಮಾತ್ರ. ಸರ್ ಇನ್ನೂ ಒಂದು ಎಂದು ಎಣಿಸಿರಲಿಲ್ಲ.